ಹೊಳೆಮನೆಯ ರಿಜಿಸ್ಟರು

ದೆವ್ವ ಕಂಡೆ, ಗಾಳಿ ಸೋಕಿತು ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತುರುವೇಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವನು ನಾನು. ಅಂಥ ಕತೆ ಹೇಳುವವರನ್ನು ಎದುರಿಗೆ ಕೂರಿಸಿಕೊಂಡು, ಯಾವಾಗ, ಎಲ್ಲಿ, ಎಷ್ಟು ದೂರದಿಂದ ಕಂಡೆ ಎಂದು ಅಡ್ಡಪ್ರಶ್ನೆ ಹಾಕಿ ಬೆವರಿಳಿಸುತ್ತಿದ್ದೆ. ಹಾಗೆ ಬೆವರಿದವರಲ್ಲಿ ಯಾರಾದರೂ ಇದನ್ನು ಓದಿ, ಈಗ ಗೊತ್ತಾಯ್ತಾ ಮೇಷ್ಟ್ರೇ ಎಂದು ನಕ್ಕರೆ ನಗಲಿ. ಗೊತ್ತಾಗಿಲ್ಲ ಅನ್ನುವುದೇ ನನ್ನ ಉತ್ತರ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದಬ್ಬೇಘಟ್ಟದ ಹತ್ತಿರ ನಮ್ಮ ತೆಂಗಿನ ತೋಟ. ನೋಡಿಕೊಳ್ಳುತ್ತಿದ್ದವನು ಅಣ್ಣ ರಂಗಣ್ಣ. ಅಪ್ಪ ತೀರಿಕೊಂಡಾಗ ಅವನಿಗೆ ಹದಿನೆಂಟು, ನನಗೆ ಎಂಟು. ತಾನು ಓದು ಬಿಟ್ಟು ನನ್ನನ್ನು ಓದಿಸಿದ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಕೊಬ್ಬರಿ ಮಂಡಿಗೆ ಹಾಕಲು ತಿಪಟೂರಿಗೆ ಹೋಗಿ ಬರುವುದು ಬಿಟ್ಟರೆ ಊರಾಚೆ ಕಾಲಿಟ್ಟವನಲ್ಲ. ಒಂದು ಭಾನುವಾರ ಮುದ್ದೆ ಉಂಡು ಕೈತೊಳೆಯುತ್ತ, "ನಮ್ದು ಕೆರೆನೀರು ಬಾವಿನೀರಾಗೇ ಮುಗುದೋಯ್ತು ಕಣ್ಲಾ. ಬೆಟ್ಟದಾಗೆ ಹರಿಯೋ ಹೊಳೆನ ಒಂದ್ಸಲ ಕಣ್ತುಂಬ ನೋಡ್ಬೇಕು" ಅಂದ. ಜನ್ಮದಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ.

ನನ್ನ ಜೊತೆಯ ಮೇಷ್ಟ್ರೊಬ್ಬರು ಒಂದು ಜಾಗ ಹೇಳಿದರು. ಸಕಲೇಶಪುರದ ಆಚೆಯ ಬೆಟ್ಟಗಳಲ್ಲಿ, ಒಂದು ಕಾಫಿ ತೋಟದೊಳಗೆ, ಹೊಳೆಯ ದಂಡೆಗೇ ಕಟ್ಟಿದ ಮರದ ಮನೆಯಂತೆ, ಬಾಡಿಗೆಗೆ ಕೊಡುತ್ತಾರಂತೆ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಯೋಜನೆ. ಪ್ರತಿ ಭಾನುವಾರ ನಾನು, ನನ್ನ ಹೆಂಡತಿ ಜಯ, ಅಣ್ಣ, ಮೂವರೂ ತೋಟದ ಮನೆಯ ಜಗಲಿಯಲ್ಲಿ ಕೂತು ಪಟ್ಟಿ ಬರೆದದ್ದೇ ಬರೆದದ್ದು. ಪರಿಚಯದವರ ಮೆಟಡಾರ್ ವ್ಯಾನಿನ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸುವುದು, ಮನೆಯಲ್ಲಿ ಎರಡು ರಾತ್ರಿ, ವ್ಯಾನಿನಲ್ಲೇ ಒಂದು ರಾತ್ರಿ, ಸ್ಟೌವು, ಚಟ್ನಿಪುಡಿ, ರಾಗಿಹಿಟ್ಟು. ಅಣ್ಣ ಇಪ್ಪತ್ತು ತೆಂಗಿನಕಾಯಿ ಬರೆಸಿದ.

"ಅಲ್ಲೂ ಕಾಯಿ ಸಿಗುತ್ತೆ ಅಣ್ಣ" ಅಂದೆ.

"ಸಿಗ್ತದೆ, ಯಾವೋನ್ ತೋಟದ್ದೋ! ನಮ್ ಕಾಯಿ ಇಲ್ದೆ ಸಾರು ಎಂಗ್ಲಾ ಉಣ್ಣೋದು?" ಅಂತ ನನ್ನನ್ನೇ ದಬಾಯಿಸಿದ. ಜಯ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಮ್ಮ ಕೊಬ್ಬರಿ ಅಟ್ಟದಲ್ಲಿ ದಾಯಾದಿಗಳ ಕಾಯಿಯೂ ಇರುತ್ತಿದ್ದುದರಿಂದ, ಬೆರೆಯದಿರಲೆಂದು ಅಣ್ಣ ನಮ್ಮ ಪ್ರತಿ ಕಾಯಿಯ ಸಿಪ್ಪೆಗೂ ಸುಣ್ಣದಲ್ಲಿ ಮೂರು ಗೆರೆ ಎಳೆಯುತ್ತಿದ್ದ. ಪ್ರಯಾಣದ ಕಾಯಿಗಳನ್ನೂ ಆರಿಸಿ ಗೆರೆ ಎಳೆದು ಬೇರೆ ಚೀಲಕ್ಕೆ ತುಂಬಿದ. ಹೊಸ ಟವೆಲೂ ತಂದುಕೊಂಡ.

ಮನೆ ಕಾದಿರಿಸಲು ತೋಟದ ರೈಟರಿಗೆ, ಅಂದರೆ ಅಲ್ಲಿ ಲೆಕ್ಕಪತ್ರ ನೋಡುವವರಿಗೆ, ಕಾಗದ ಬರೆದೆ. ಉತ್ತರ ಸ್ಕೂಲಿನ ವಿಳಾಸಕ್ಕೆ ಬಂತು. ಸ್ಟಾಫ್ ರೂಮಿನಲ್ಲಿ ನಿಂತೇ ಒಡೆದು ಓದಿದೆ. ಮನೆ ಖಾಲಿ ಇದೆ, ಬನ್ನಿ ಎಂದು ಬರೆದಿದ್ದರು. ಅದರ ಕೆಳಗೆ ಹೀಗಿತ್ತು: 'ಹೋದ ವರ್ಷ ತಾವು ಬಂದಿದ್ದಾಗ ಕಾಣೆಯಾದ ತಮ್ಮ ಅಣ್ಣನವರು ಊರು ಸೇರಿದರೇ? ಕೋಪ ಮಾಡಿಕೊಂಡು ಬಸ್ಸು ಹತ್ತಿರಬೇಕೆಂದು ತಾವು ಹೇಳಿ ಹೊರಟಿರಿ. ಆಮೇಲೆ ತಿಳಿಸಲಿಲ್ಲ.'

ನಾವು ಹೋದ ವರ್ಷ ಎಲ್ಲಿಗೂ ಹೋಗಿರಲಿಲ್ಲ. ಅಣ್ಣ ಹಿಂದಿನ ಭಾನುವಾರವಷ್ಟೇ ನನ್ನೆದುರು ಕೂತು ಎರಡು ಮುದ್ದೆ ಮುರಿದಿದ್ದ. ಯಾರದೋ ಕಾಗದ ನನಗೆ ಬಂದಿದೆ ಅಂದುಕೊಂಡೆ. ಆದರೆ ಹೆಸರು ನನ್ನದೇ, ಸ್ಕೂಲೂ ನನ್ನದೇ. ಯಾವನೋ ತಲೆಹರಟೆ ನನ್ನನ್ನು ಆಡಿಸುತ್ತಿದ್ದಾನೆ ಎಂದು ಸಿಟ್ಟು ನೆತ್ತಿಗೇರಿತು. ಅಣ್ಣನಿಗೆ ಹೇಳಲಿಲ್ಲ. ಜಯಳಿಗೆ ಮಾತ್ರ ತೋರಿಸಿ, ಮುಂದಿನ ಶನಿವಾರ ಒಬ್ಬನೇ ಬಸ್ಸು ಹತ್ತಿದೆ.

ನಾನು ತಲುಪಿದಾಗ ನಡುಮಧ್ಯಾಹ್ನ, ಸುಡು ಬಿಸಿಲು. ಮರದ ಮನೆ, ಅದರ ಮೆಟ್ಟಿಲಿಗೆ ತಾಗುವಷ್ಟು ಹತ್ತಿರದಲ್ಲಿ ಹೊಳೆ. ರೈಟರು ವಯಸ್ಸಾದ ಸಾಧು ಮನುಷ್ಯ. ನಾನು ಗೇಟಿನಲ್ಲಿದ್ದಾಗಲೇ ಕೈಯೆತ್ತಿ, "ಬನ್ನಿ ಮೇಷ್ಟ್ರೇ, ಅಣ್ಣ ಸಿಕ್ಕಿದ್ರಾ?" ಎಂದರು. ನಾನು ಬಂದವನೇ ಅಲ್ಲ ಎಂದು ಜಗಳಕ್ಕೇ ನಿಂತೆ. ಪಾಪ, ಅವರು ರಿಜಿಸ್ಟರು ತಂದು ಬಿಡಿಸಿದರು. ಹಿಂದಿನ ವರ್ಷದ ಪುಟ. ಮೂರು ದಿನದ ತಾರೀಕು, ನಮ್ಮ ಮೂವರ ಹೆಸರು, ನನ್ನ ಅಕ್ಷರ, ನನ್ನ ರುಜು. ಬಂದವರು ಮೂರು, ಹೋದವರು ಎರಡು ಎಂದಿತ್ತು. ಆ 'ಎರಡು' ಕೂಡ ನಾನೇ ಬರೆದದ್ದು.

ಬಂದ ದಿನವೇ ಸಂಜೆ ಅಣ್ಣ ಹೆಗಲ ಮೇಲೆ ಟವೆಲು ಹಾಕಿಕೊಂಡು ನೀರಿಗಿಳಿದದ್ದನ್ನು ರೈಟರೇ ನೋಡಿದ್ದರಂತೆ. ಆಮೇಲೆ ಕಾಣಲಿಲ್ಲ. ಆಳುಗಳು ಎರಡು ದಿನ ದಂಡೆಯುದ್ದಕ್ಕೂ ಹುಡುಕಿದರಂತೆ.

"ಅವನಿಗೇಕೆ ಕೋಪ ಬರಬೇಕು?" ಎಂದೆ.

ರೈಟರು ಸಂಕೋಚದಿಂದ, "ನೀವೇ ಬೈತಿದ್ರಲ್ಲ ಸಾರ್. ನಮಗೇನು ಗೊತ್ತು ಮನೆ ವಿಷಯ" ಎಂದರು.

ಹೊರಡುವಾಗ ಒಲೆಯ ಮೇಲಿನ ಅಟ್ಟದಿಂದ ಒಂದು ತೆಂಗಿನಕಾಯಿ ಇಳಿಸಿ, ನೀವು ಬಿಟ್ಟುಹೋದದ್ದು ಎಂದು ಕೊಟ್ಟರು. ಸಿಪ್ಪೆಯ ಮೇಲೆ ಸುಣ್ಣದ ಮೂರು ಗೆರೆ. ಮನೆಗೆ ಬಂದು ಏನೂ ಹೇಳದೆ ಅದನ್ನು ಜಯಳ ಕೈಗಿಟ್ಟೆ. ಅವಳು ಕೊಬ್ಬರಿ ಮಾಡುವ ಮನೆಯಲ್ಲೇ ಹುಟ್ಟಿ ಬೆಳೆದವಳು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ನೀರೆಲ್ಲ ಇಂಗಿ ಒಳಗೆ ಕೊಬ್ಬರಿ ಗಿಟುಕು ಕಳಕ್ ಅಂದಿತು. ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಅದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಇದು ಹೋದ ವರ್ಷದ್ದು, ನಮ್ಮದೇ ಕಣ್ರೀ" ಎಂದವಳು ಕಾಯಿಯನ್ನು ನೆಲಕ್ಕಿಟ್ಟು ಅತ್ತಳು. "ಭಾವನ್ನ ಅಲ್ಲಿಗೆ ಕರ್ಕೊಂಡು ಹೋಗೋದು ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

ಸೋಮವಾರ ಸ್ಕೂಲಿನ ಹಾಜರಿ ಪುಸ್ತಕ ತೆಗೆಸಿದೆ. ರಿಜಿಸ್ಟರಿನಲ್ಲಿದ್ದ ಮೂರೂ ದಿನ ನಾನು ತುರುವೇಕೆರೆಯಲ್ಲಿ ಪಾಠ ಮಾಡಿದ್ದೆ. ಅಲ್ಲೂ ನನ್ನದೇ ರುಜು. ಎರಡರಲ್ಲಿ ಒಂದು ಸುಳ್ಳಾಗಬೇಕಲ್ಲವೇ? ಯಾವುದೂ ಸುಳ್ಳಲ್ಲ.

ಭಾನುವಾರ ತೋಟಕ್ಕೆ ಹೋದೆ. ಅಣ್ಣ ಜಗಲಿಯ ಮೇಲೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದ. ನನಗಾಗಿ ಬದುಕು ಸವೆಸಿದವನಿಗೆ ಅವತ್ತು ಮೊದಲ ಸಲ ಸುಳ್ಳು ಹೇಳಿದೆ. "ಅಣ್ಣ, ಆ ಮನೆ ಸಿಗಲ್ಲವಂತೆ, ಬೇರೆಯವರು ಹಿಡಿದುಬಿಟ್ಟಿದ್ದಾರೆ" ಅಂದೆ.

"ಓಗ್ಲಿ ಬುಡು" ಅಂದ. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಳೆ ಬೆಳೆಯ ಮಾತಾಡುವಷ್ಟೇ ಸಲೀಸಾಗಿ ಮುಂದುವರಿಸಿದ: "ಓದ್ಸಲ ನೀವಿಬ್ರೂ ನನ್ನ ಅಲ್ಲೇ ಬುಟ್ಟು ಬಂದ್ರಲ್ಲ, ಅವತ್ತು ನೀರು ಬಲು ತಣ್ಣಗಿತ್ತು ಕಣ್ಲಾ."

ಏನಂದೆ ಅಣ್ಣ ಎಂದು ಕೇಳಿದೆ. ಅವನು ತಲೆಯೆತ್ತಿ ನನ್ನನ್ನೇ ನೋಡಿ, "ನಾನೇನಂದೆ? ಓಗ್ಲಿ ಬುಡು ಅಂದೆ. ಯಾಕ್ಲಾ, ಮಖ ಇಂಗ್ ಬೆಳ್ಳಗಾಗೈತೆ? ಏಳು, ಉಣ್ಣೋವಂತೆ" ಅಂದ. ನಾನು ಕಾಗದದ ಸುದ್ದಿ ಎತ್ತಿರಲಿಲ್ಲ. ತಾನೂ ಎತ್ತಿಲ್ಲ ಎಂದು ಜಯ ಆಮೇಲೆ ತಾಳಿ ಮುಟ್ಟಿ ಆಣೆಯಿಟ್ಟಳು. ಅವತ್ತು ಅಣ್ಣನ ಪಕ್ಕದಲ್ಲೇ ಕೂತು ಉಂಡೆ.

ಅಣ್ಣ ಆಮೇಲೂ ಬಹಳ ವರ್ಷ ಬಾಳಿದ. ಮುಂದೆ ಹುಟ್ಟಿದ ನನ್ನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ. ಅವನ ಮೇಲೆ ನನಗಿದ್ದ ಪ್ರೀತಿ ಒಂದು ಕೂದಲಿನಷ್ಟೂ ಕಮ್ಮಿಯಾಗಲಿಲ್ಲ. ಆದರೂ ಒಮ್ಮೊಮ್ಮೆ ಅವನು ಊಟಕ್ಕೆ ಕೂತಾಗ ಸುಮ್ಮನೆ ನೋಡುತ್ತಿದ್ದೆ, ಇವನು ಯಾರು ಎಂದು. ಹೊಳೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಮನೆಯಲ್ಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡ. ತೋಟದಲ್ಲೇ ಮಣ್ಣು ಮಾಡಿದೆವು.

ರೈಟರು ಎರಡು ದಿನ ಹುಡುಕಿಸಿದ್ದು ನಿಜ. ಆ ಹೊಳೆಗಿಳಿದ ಅಣ್ಣ ಮುಂದೆ ಎಂದಾದರೂ ಸಿಕ್ಕಿದನೇ ಎಂದು ಒಂದು ಕಾರ್ಡು ಬರೆದು ಕೇಳಬಹುದಿತ್ತು. ಬರೆಯಲಿಲ್ಲ. ಸಿಕ್ಕಿದ್ದಾರೆ, ಬಂದು ಕರೆದುಕೊಂಡು ಹೋಗಿ ಎಂದು ಉತ್ತರ ಬಂದರೆ ನಾನೇನು ಮಾಡಲಿ?