ಲಕ್ಕಪ್ಪನ ಹೆಸರಿನ ಕೋಟು

ಬೆಳಗಿನ ಐದೂವರೆ. ಮಾಸೂರಿನ ಮದಗದ ಕೆರೆಯ ಕಾಲುವೆಯ ಮೇಲೆ ನೀರುಗಂಟಿ ಲಕ್ಕಪ್ಪ ತೂಬಿನ ಚಕ್ರ ತಿರುಗಿಸುತ್ತ ಎಣಿಸುತ್ತಾರೆ. ಇಪ್ಪತ್ತಾರಕ್ಕೆ ನಿಲ್ಲಿಸುತ್ತಾರೆ. ಒಂದು ಸುತ್ತು ಹೆಚ್ಚಾದರೆ ಕೆಳಗಿನ ಗದ್ದೆಯ ಬದು ಒಡೆಯುತ್ತದೆ, ಒಂದು ಕಡಿಮೆಯಾದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ದಿನಕ್ಕೆ ಹದಿನಾಲ್ಕು ತೂಬು, ಒಂಬತ್ತು ಕಿಲೋಮೀಟರ್ ನಡಿಗೆ. ವಯಸ್ಸು ಎಪ್ಪತ್ತೈದು. ಎಡಗೈಯಲ್ಲಿ ಎರಡು ಬೆರಳಿಲ್ಲ.

ನಾಲ್ಕು ತಾಲ್ಲೂಕುಗಳ ಹುತಾತ್ಮರ ಹೆಸರು ಕೆತ್ತಿದ ಕಲ್ಲಿನ ಪ್ರಕಾರ ಇವರು 1971ರಲ್ಲೇ ತೀರಿಕೊಂಡಿದ್ದಾರೆ.

“ವರ್ಷಾ ಆಗಸ್ಟ್ ಹದಿನೈದಕ್ಕ ಕರದು ಮುಂದಿನ ಕುರ್ಚ್ಯಾಗ ಕುಂದ್ರಸ್ತಾರ್ರಿ. ಆಮ್ಯಾಲ ಹೆಸರು ಓದಿ, ಎಲ್ಲಾರೂ ಎದ್ದು ನಿಲ್ರಿ ಅಂತಾರ. ನನ್ನ ಸಲುವಾಗಿ ನಾನೂ ಎದ್ದು ನಿಲ್ತೇನಿ. ನವೆಂಬರ್‌ದಾಗ ಪಿಂಚಣಿ ಸಲುವಾಗಿ ಬದುಕೇನಿ ಅಂತ ಬ್ಯಾಂಕಿಗೆ ಬರಕೊಡ್ತೇನಿ, ಆಗಸ್ಟ್‌ನ್ಯಾಗ ಸಾಯ್ತೇನಿ.”

“ಸತ್ತಾವ್ರಿಗೆ ದಿನಾ ನಾಕು ರೊಟ್ಟಿ ಬಡ್ಯಾಕಿ ನಾನು,” ಎನ್ನುತ್ತಾರೆ ಚಹಾ ತಂದ ಹೆಂಡತಿ ಮುದಕವ್ವ.

ಯುದ್ಧದಲ್ಲಿ ಲಕ್ಕಪ್ಪ ವಿಮಾನ ಹೊಡೆಯುವ ತೋಪಿನ ಗನ್ನರ್. ಅವರಿಗೆ ಗುಂಡು ತುಂಬಿಕೊಡುತ್ತಿದ್ದವನು ಶಿಗ್ಗಾಂವಿ ತಾಲ್ಲೂಕಿನ ತಡಸದ ಫಾರೂಕ. ಡಿಸೆಂಬರಿನ ಒಂದು ಮುಂಜಾನೆ ಜ್ವರದಿಂದ ನಡುಗುತ್ತಿದ್ದ ಗೆಳೆಯನಿಗೆ ಲಕ್ಕಪ್ಪ ತಮ್ಮ ಕೋಟು ತೊಡಿಸಿದರು. ಅವರು ಕಾಯುತ್ತಿದ್ದ ಸೇತುವೆಯ ಮೇಲೆ ಬಾಂಬರ್ ಮೂರು ಸಲ ಬಂತು. ಮೊದಲ ಸಲ ಫಾರೂಕ ಹೋದ. ಎರಡನೆಯ ಸಲ ಲಕ್ಕಪ್ಪನ ಬೆರಳು ಹೋದವು. ಮೂರನೆಯ ಸಲ ತಾವೇ ತುಂಬಿ ತಾವೇ ಹೊಡೆದರು. ವಿಮಾನ ತಿರುಗಿ ಹೋಯಿತು, ಹಿಂದೆ ಸರಿಯುತ್ತಿದ್ದ ನಮ್ಮ ಹನ್ನೊಂದು ಲಾರಿ ಸೈನಿಕರು ಸೇತುವೆ ದಾಟಿದರು. ಎಚ್ಚರ ತಪ್ಪಿ ಸೇತುವೆಯ ಕೆಳಗೆ ಉರುಳಿಬಿದ್ದ ಲಕ್ಕಪ್ಪ ಕಣ್ಣು ಬಿಟ್ಟದ್ದು ಶತ್ರುಗಳ ಸೆರೆಯಲ್ಲಿ.

“ಧೈರ್ಯ ಅಂತಾರ್ರಿ. ಭಾಳ ಹೆದರಿಕಿ ಇತ್ತು. ಲಾರಿ ಎಣಸಾಕತ್ತಿದ್ನಿ. ಎಣಸಿದ್ರ ಕೈ ನಡಗೂದಿಲ್ಲ.”

ಹಿಂದೆ ಸರಿದ ತುಕಡಿಯವರು ಹೆಣದ ಕೋಟಿನ ಮೇಲಿನ ಹೆಸರು ನೋಡಿ ಲಕ್ಕಪ್ಪ ಸತ್ತನೆಂದು, ಫಾರೂಕ ಕಾಣೆಯಾದನೆಂದು ಬರೆದುಕೊಂಡರು. ವರ್ಷದ ನಂತರ ಲಕ್ಕಪ್ಪ ಬಿಡುಗಡೆಯಾಗಿ ಬಂದಾಗ ಸೈನ್ಯ ಪಟ್ಟಿ ತಿದ್ದಿತು. ಆರು ವರ್ಷದ ಹಿಂದೆ ಕಲ್ಲು ನಿಲ್ಲಿಸಿದ ಸಮಿತಿ ಮಾತ್ರ ಹಳೆಯ ಪಟ್ಟಿಯನ್ನೇ ಹಿಡಿಯಿತು.

ತಮ್ಮ ಹೆಸರು ತೆಗೆದು ಫಾರೂಕನ ಹೆಸರು ಕೆತ್ತಿ ಎಂದು ಲಕ್ಕಪ್ಪ ಐದು ಅರ್ಜಿ ಕೊಟ್ಟಿದ್ದಾರೆ. ಹಾನಗಲ್ಲಿನಲ್ಲಿದ್ದ ಸಮಿತಿಯ ಸದಸ್ಯರು ಸವಣೂರಿಗೆ ಕಳಿಸಿದರು, ಸವಣೂರಿನವರು ಹಿರೇಕೆರೂರಿಗೆ. ಅಲ್ಲಿಯವರು ಕಾಗದ ಓದಿ ನಕ್ಕರಂತೆ: “ಕಲ್ಲು ಕಟದಾಗೇತಿ ಅಜ್ಜಾರ. ಹೆಂಗಿದ್ರೂ ಒಂದಿನ ಬೇಕಾಗೂ ಹೆಸರು, ಇರ್ಲಿ ಬಿಡ್ರಿ.”

ಈ ಮಾತನ್ನು ಮರೆತುಬಿಡಬಹುದಿತ್ತು, ಫಾರೂಕನ ತಂಗಿ ಮಾಬೂಬಿ ಇರದಿದ್ದರೆ. ಅವರಿಗೆ ಎಪ್ಪತ್ತು, ಕಣ್ಣು ಮಂಜಾಗಿದೆ, ಓದು ಬರುವುದಿಲ್ಲ. ಕಳೆದ ವರ್ಷ ತಡಸದಿಂದ ಎರಡು ಬಸ್ ಬದಲಿಸಿ ಬಂದು ಕಲ್ಲು ತಡವಿ ಕೇಳಿದರು: “ಲಕ್ಕಪ್ಪಣ್ಣ, ಇದರಾಗ ನಮ್ಮ ಭಾಯಿ ಎಲ್ಲ್ಯದಾನ?”

ಲಕ್ಕಪ್ಪ ಅವರ ಕೈ ಹಿಡಿದು ತಮ್ಮ ಹೆಸರಿನ ಮೇಲೆ ಇಟ್ಟರು. ಮಾಬೂಬಿ ಅಕ್ಷರಗಳನ್ನು ಸವರಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಹೋದರು.

ಮುಂದಿನ ತೂಬಿಗೆ ನಡೆಯುತ್ತ ಲಕ್ಕಪ್ಪ ಹೇಳುತ್ತಾರೆ: “ಆಕಿ ಇರೂದ್ರಾಗ ಸಮಿತಿಯಾವ್ರು ಆ ಸುಳ್ಳು ಖರೇ ಮಾಡ್ಲಿ, ಅಷ್ಟ ಸಾಕ್ರಿ. ಕೋಟು ನಂದು, ಒಳಗಿದ್ದಾಂವ ಅಂವ.”