ಯಾರದೋ ಎಡಗೈ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನಾವು ಹಮಾಲರು ಭತ್ತದ ಚೀಲ ಎತ್ತುವುದಕ್ಕೆ ಒಂದು ಕ್ರಮವಿದೆ. ಇಬ್ಬರು ಎದುರುಬದುರು ನಿಂತು, ಚೀಲದ ಅಡಿ ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು, ಎತ್ತಿ ಮೂರನೆಯವನ ಬೆನ್ನಿಗೆ ಹಾಕುತ್ತೇವೆ. ಎತ್ತುವ ಮುಂಚೆ ಒಬ್ಬ "ಹಿಡದೀಯಾ?" ಅಂದರೆ ಇನ್ನೊಬ್ಬ "ಹಿಡದೀನಿ" ಅನ್ನಬೇಕು. ಆ ಮಾತು ಸುಳ್ಳಾದರೆ ಚೀಲ ಬೀಳುವುದು ಬಗ್ಗಿ ನಿಂತವನ ಕುತ್ತಿಗೆಯ ಮೇಲೆ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನು ನಾನು. ನನ್ನ ಕೈಯ ಮೇಲಿನ ನಂಬಿಕೆಯೇ ನನ್ನ ಮರ್ಯಾದೆ.

ಒಮ್ಮೆ ಚೀಲಗಳ ರಾಶಿ ಜರಿದು ಎಡಗೈ ಸಿಕ್ಕಿಕೊಂಡಿತು. ಎಲುಬು ಕೂಡಿತು, ಬೆರಳು ಆಡಿದವು, ಆದರೆ ಕೈ ನನ್ನದಾಗಿ ಮರಳಲಿಲ್ಲ. ಊಟಕ್ಕೆ ಕೂತಾಗ ಯಾರೋ ತೊಡೆಯ ಮೇಲೆ ಕೈ ಇಟ್ಟಂತಾಗುತ್ತಿತ್ತು. ಬೆಚ್ಚಿ ನೋಡಿದರೆ ಅದೇ ಎಡಗೈ.

"ಅದು ನಿಮ್ಮ ಕೈ ಅಲ್ಲೇನ್ರಿ? ಮತ್ತ್ಯಾರ ಬಂದು ಇಡ್ತಾರ?" ಎಂದು ಹೆಂಡತಿ ಮೊದಲ ಸಲ ನಕ್ಕಳು. ಎರಡನೆಯ ಸಲ ನಗಲಿಲ್ಲ. ಕೆಲಸಕ್ಕೆ ಮರಳುವ ಹಿಂದಿನ ದಿನ ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾಳೆ ಆ ಕೈ ನಂಬಿ "ಹಿಡದೀನಿ" ಅನ್ನಬಹುದೇ ಎಂಬುದೊಂದೇ ನನಗೆ ತಿಳಿಯಬೇಕಿತ್ತು.

ಕೈ ಸರಿಯಾಗಿದೆ ಎಂದರು ಡಾಕ್ಟರು. ಪಕ್ಕದ ಕೋಣೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಮಾತ್ರ ನನ್ನನ್ನು ಕೂರಿಸಿಕೊಂಡಳು.

"ನಿಮ್ಮ ಮೈ ನಿಮಗ ಎಷ್ಟು ನಿಮ್ಮದು ಅನಸ್ತೈತಿ, ಅದನ್ನ ಅಳೀತೀನ್ರಿ ಕಾಕಾ."

"ಮೈ ಅಳ್ಯಾಕ ನೀ ಏನ್ ದರ್ಜಿಯೇನವಾ?"

ಅವಳು ನಕ್ಕು ನನ್ನ ಸ್ವಭಾವ ಕೇಳತೊಡಗಿದಳು. ಬೇರೆಯವರಿಗೆ ಪೆಟ್ಟಾದರೆ ನಿಮಗೆ ನೋಯುತ್ತದೆಯೇ, ಕಥೆ ಕೇಳಿದರೆ ಅದರಲ್ಲೇ ಮುಳುಗುತ್ತೀರಾ, ಹೇಳಿದ್ದನ್ನು ಬೇಗ ನಂಬುತ್ತೀರಾ.

"ನಾ ದುಡದು ತಿನ್ನೂ ಮನಷ್ಯಾ. ಅಂಥಾವೆಲ್ಲ ನನಗಿಲ್ಲ."

"ಬರೇ ಸುಳ್ಳವ್ವಾ," ಎಂದಳು ಹೆಂಡತಿ. "ಟಿವಿ ಧಾರಾವಾಹಿ ನೋಡಿ ಗಳಗಳ ಅಳತಾರ ಇವರು."

ಆಮೇಲೆ ಮೇಜಿನ ಮೇಲೆ ನನ್ನ ಎಡಗೈಯನ್ನು ಒಂದು ಹಲಗೆಯ ಮರೆಗೆ ಸರಿಸಿ, ಕಣ್ಣೆದುರು ಒಂದು ರಬ್ಬರಿನ ಕೈ ಇಟ್ಟು, ಭುಜದಿಂದ ಅದರವರೆಗೆ ಬಟ್ಟೆ ಹೊದಿಸಿದಳು. ಎರಡು ಕುಂಚ ಹಿಡಿದು ಮರೆಯ ಕೈಯನ್ನೂ ರಬ್ಬರಿನ ಕೈಯನ್ನೂ ಒಟ್ಟಿಗೆ ಸವರುತ್ತ ಹೋದಳು. ಮಕ್ಕಳಾಟ ಅಂದುಕೊಂಡೆ. ನೋಡುತ್ತ ನೋಡುತ್ತ ಕಚಗುಳಿ ರಬ್ಬರಿನ ಬೆರಳಲ್ಲೇ ಆಡತೊಡಗಿತು. ಗಂಟು ಕಟ್ಟದ, ದಡ್ಡುಗಟ್ಟದ, ಎಂದೂ ದುಡಿಯದವರ ಕೈ ಅದು. ಅದೇ ನನ್ನದಾಗಿತ್ತು. ಪೆಟ್ಟಾದಾಗಿನಿಂದ ಯಾವ ಕೈಯೂ ಇಷ್ಟು ನನ್ನದಾಗಿರಲಿಲ್ಲ.

ಕಣ್ಣು ಮುಚ್ಚಿಸಿ, ಎಡಗೈ ಎಲ್ಲಿದೆಯೋ ಬಲಗೈಯಿಂದ ಮೇಜಿನ ಕೆಳಗೆ ತೋರಿಸಲು ಹೇಳಿದಳು. ತೋರಿಸಿ ಕಣ್ಣು ಬಿಟ್ಟರೆ ಬೆರಳು ರಬ್ಬರಿನ ಕೈಯ ಕಡೆಗೆ ಸರಿದಿತ್ತು. ಅವಳು ಆ ಬೆರಳಿಗೂ ಮರೆಯಲ್ಲಿದ್ದ ಕೈಗೂ ನಡುವಿನ ಅಂತರ ಅಳೆದಳು.

"ನನಗೇನಾಗೇತಿ ತಂಗಿ?"

"ಏನೂ ಆಗಿಲ್ರಿ ಕಾಕಾ. ಛಲೋ ಇದ್ದವರಿಗೂ ಹಿಂಗ ಆಗತೈತಿ. ಕೆಲವರಿಗೆ ಲಗೂನ, ಕೆಲವರಿಗೆ ಆಗೂದ ಇಲ್ಲ. ಸ್ವಭಾವಕ್ಕೂ ಇದಕ್ಕೂ ನಂಟು ಐತೇನು ಅಂತ ನೋಡಾಕತ್ತೀವಿ."

ಅವಳು ರಬ್ಬರಿನ ಕೈಯನ್ನು ಎತ್ತಿ ಚೀಲಕ್ಕೆ ಹಾಕಿದಾಗ ನನ್ನ ಭುಜ ಜುಮ್ಮೆಂದಿತು. ಒಯ್ಯಬೇಡ ಅನ್ನುವ ಮಾತು ನಾಲಿಗೆಯ ತನಕ ಬಂದಿತ್ತು. ಊರಿಗೆ ಮರಳುವ ಬಸ್ಸು ಗಿಣಿಗೇರಾ ದಾಟುವಾಗ ಹೆಂಡತಿ ನನ್ನ ಎಡಗೈ ಹಿಡಿದುಕೊಂಡಿದ್ದಳು. ಅವಳು ಹಿಡಿದದ್ದು ನನ್ನ ಕೈ ಅಂತ ಕಣ್ಣಿಗೆ ಕಂಡದ್ದರಿಂದ ತಿಳಿಯಿತು, ಅಷ್ಟೇ.

ಮರುದಿನ ಮುಂಜಾನೆ ಗಿರಣಿಯಲ್ಲಿ ಎಂದಿನ ಜೊತೆಗಾರ ಎದುರು ನಿಂತ. ಅವನ ತಮ್ಮನೇ ಚೀಲ ಹೊರಲು ಬಗ್ಗಿದ್ದ. ಚೀಲದ ಅಡಿ ಕೈ ಕೂಡಿದವು.

"ಹಿಡದೀಯಾ ಭಾಯಿ?"

ಕೈ ಕಾಣುತ್ತಿರಲಿಲ್ಲ. ಅಲ್ಲಿ ಹಿಡಿದದ್ದು ಆ ಮೆತ್ತನೆಯ ರಬ್ಬರಿನ ಕೈ ಅನ್ನಿಸಿತು. ಅದು ಆಗಲೇ ಕೊಪ್ಪಳದಲ್ಲಿ ಯಾರದೋ ಚೀಲದೊಳಗಿದೆ ಅಂತಲೂ ಅನ್ನಿಸಿತು.

"ಏ ಭಾಯಿ, ನಿಂತಲ್ಲೇ ನಿದ್ದಿ ಹತ್ತಿತೇನು?"

ನಾನು ಕೈ ಬಿಡಿಸಿಕೊಂಡೆ. "ಇನ್ನ ಮ್ಯಾಲೆ ನಾ ಹೊರತೀನಿ. ನಿನ್ನ ತಮ್ಮ ಎತ್ತಲಿ."

ಹೊರುವುದು ಹರೆಯದವರ ಕೆಲಸ. ಇಡೀ ಗುಂಪು ನಕ್ಕಿತು. "ಮುದುಕಗ ಹರೇ ಬಂತು ನೋಡ್ರೋ!"

"ನಗ್ರಿ, ನಗ್ರಿ. ನಡಾ ಇನ್ನೂ ಗಟ್ಟಿ ಐತಿ," ಎಂದು ಬಗ್ಗಿದೆ. ಕಾರಣ ಹೇಳಲಿಲ್ಲ. ನಾನು ಎಡವಿದರೆ ಬೀಳುವವನು ನಾನೊಬ್ಬನೇ.

ಚೀಲ ಬೆನ್ನಿಗೆ ಬಿತ್ತು. ಕುತ್ತಿಗೆ, ನಡು, ಮೊಣಕಾಲು, ಒಂದೊಂದೂ ನೋಯುತ್ತ ನನ್ನದೇ ಅನ್ನಿಸಿತು. ಎಡಗೈ ಮಾತ್ರ ಪಕ್ಕದಲ್ಲಿ ಜೋತು, ನಾನು ಹೋದಲ್ಲೆಲ್ಲ ಬಂತು. ಈಗಲೂ ಬರುತ್ತದೆ.