ಅಮ್ಮ ಪೂಜೆ ಮಾಡಿದ ಸರ್ವರ್

ಗೆಳೆಯರೇ, ಮನೆಯ ಫೋಟೊಗಳನ್ನೆಲ್ಲ ತುಂಬಿಟ್ಟಿದ್ದ ನಮ್ಮ ಸರ್ವರ್ ಇಂದು ಬೆಳಿಗ್ಗೆ ಆನ್ ಆಗಲೇ ಇಲ್ಲ. ನಿನ್ನೆ ಆಯುಧಪೂಜೆಯಲ್ಲಿ ಅಮ್ಮ ಅದಕ್ಕೂ ಅರಿಶಿನದ ನೀರು ಚಿಮುಕಿಸಿ ಕುಂಕುಮ ಹಚ್ಚಿದ್ದಳು. ಅದನ್ನೂ ಅಮ್ಮನನ್ನೂ ಆಟೋದಲ್ಲಿ ಕೂರಿಸಿಕೊಂಡು ಶಿವಾಜಿನಗರದ ರಿಪೇರಿ ಅಂಗಡಿಗೆ ಹೋದೆ.

"ನೀರು ಇಳಿದು ಬೋರ್ಡ್ ಸುಟ್ಟೋಗಿದೆ ಅಮ್ಮಾ. ಫೋಟೊ ಇರೋ ಡಿಸ್ಕ್ ಚೆನ್ನಾಗಿದೆ," ಎನ್ನುತ್ತಾ ಅಂಗಡಿಯ ಸಲೀಂ ಭಾಯಿ ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರ್‌ಗೆ ಜೋಡಿಸಿದರು. ಮೊದಲು ತೆರೆದದ್ದು ತೀರಿಹೋದ ಅಪ್ಪನ ಫೋಟೊ. ಫ್ಯಾಕ್ಟರಿ ಕ್ವಾರ್ಟರ್ಸ್ ಮುಂದೆ, ಚೆಂಡುಹೂವಿನ ಹಾರ ಹಾಕಿದ ಸ್ಕೂಟರ್ ಪಕ್ಕ ನಗುತ್ತಾ ನಿಂತಿದ್ದಾರೆ.

ಅಮ್ಮನಿಗೆ ಬಯ್ಯಬೇಕೆಂದಿದ್ದ ನಾನು ಪರದೆಯನ್ನು ಅವಳತ್ತ ತಿರುಗಿಸಿದೆ.

"ಅವತ್ತು ಪೂಜೆ ಆದ್ಮೇಲೆ ಈ ಸ್ಕೂಟರೂ ಸ್ಟಾರ್ಟ್ ಆಗ್ಲಿಲ್ಲ ಕಣೋ," ಎಂದಳು ಅಮ್ಮ. "ನಿಮ್ಮಪ್ಪ ಓರೆ ಮಾಡಿ ಕಿಕ್ಕರ್ ಒದ್ದ ಮೇಲೆ ಹೊರಡ್ತು. ನೀನೂ ಒಂದ್ಸಲ ಓರೆ ಮಾಡಿ ನೋಡ್ಬೇಕಿತ್ತು."

ಮುಂದಿನ ಸರ್ವರನ್ನು ಕಿಕ್ಕರ್ ಇದೆಯೇ ಎಂದು ಕೇಳಿಯೇ ಕೊಳ್ಳುತ್ತೇನೆ.